ಕಡತಾನುಪಲಬ್ಧಿ ಮೀಮಾಂಸೆ

ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದರು. ಕಾಣಬೇಕಾದ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದೇ ತಿಳಿಯತಕ್ಕದ್ದು. ಬೀದರ್, ಭಾಲ್ಕಿ, ಔರಾದ್ ಎಂಬ ಮೂರು ಕ್ಷೇತ್ರಗಳ ಟೈಪಿಂಗ್ ಅಂಗಡಿಗಳಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಾವು ಕೈಗೊಂಡ ಅಧ್ಯಯನ ಈ ಮತವನ್ನು ಅಲುಗಾಡಿಸಿದೆ. ಇಲ್ಲಿ ಕಾಣದ ಕಡತವೆಲ್ಲ ಕಂಪ್ಯೂಟರಿನೊಳಗೇ ಇದೆ.

ಶೋಧಕ ತಂತ್ರಾಂಶಗಳಲ್ಲಿ ಮೊದಲನೆಯದು ನಾಮವಾದಿ. 'ಎವೆರಿಥಿಂಗ್' ಎಂಬ ಪುಟಾಣಿ, ಡಿಸ್ಕಿನ ಮಾಸ್ಟರ್ ಫೈಲ್ ಟೇಬಲನ್ನೇ ಓದಿಕೊಂಡು, ಒಂದಕ್ಷರ ಒತ್ತುವಷ್ಟರಲ್ಲಿ ಹೆಸರುಗಳನ್ನು ಒಪ್ಪಿಸುತ್ತದೆ. ಬೀದರಿನ ಅಂಗಡಿಯಲ್ಲಿ ಅದು ಒಪ್ಪಿಸಿದ್ದು: ಅರ್ಜಿ, ಅರ್ಜಿ ನ್ಯೂ, ಅರ್ಜಿ ಫೈನಲ್, ಅರ್ಜಿ ಫೈನಲ್ 2. ನಾಮಮಹಿಮೆ ಅಲ್ಲಿಗೆ ಮುಗಿಯಿತು.

ಎರಡನೆಯದು ಗರ್ಭವಾದಿಯಾದ ವಿಂಡೋಸ್ ಸರ್ಚ್. ಕಡತದ ಹೊಟ್ಟೆಯೊಳಗಿನ ಪದ ಯಾವುದು ಎಲ್ಲೆಲ್ಲಿದೆ ಎಂದು ಮೊದಲೇ ಪಟ್ಟಿ ಕಟ್ಟಿಟ್ಟುಕೊಳ್ಳುತ್ತದೆ. ಬೀದರಿನ ಬಹಮನಿ ಕಾಲದ ಸುರಂಗ ಬಾವಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ನೆಲದಡಿ, ಇಣುಕಲು ಸಾಲು ಬಾವಿ. ಕಡತ, ಇಮೇಲ್ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ ಸಮನ್ವಯವಾದಿ ಗೂಗಲ್ ಡೆಸ್ಕ್‌ಟಾಪ್ 2004ರಲ್ಲಿ ಅವತರಿಸಿ 2011ರಲ್ಲಿ ಐಕ್ಯವಾಯಿತು.

ಇಮೇಲಿನಲ್ಲಿ ಭಾಲ್ಕಿಯದು ಶುದ್ಧ ಅದ್ವೈತ: ಗಿರಾಕಿಗಳೆಲ್ಲರಿಗೂ ಅಂಗಡಿಯದೇ ಒಂದು ಐಡಿ. ವಿಷಯದ ಸಾಲು ಖಾಲಿ, ಲಗತ್ತಿನ ಹೆಸರು 'ಸ್ಕ್ಯಾನ್ 0001'. ಸ್ಕ್ಯಾನ್ ಮಾಡಿದ ಪಹಣಿ ಬರೀ ಚಿತ್ರ; ಅಕ್ಷರ ಗುರುತಿಸುವ ತಂತ್ರಾಂಶ ಹಾಯಿಸದ ಹೊರತು ಅದರಲ್ಲಿ ಹುಡುಕಲು ಪದವೇ ಇಲ್ಲ.

ನಿಜವಾದ ತೊಡಕು 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳದ್ದು. ಪರದೆಯ ಮೇಲೆ 'ವಾರಸಾ ಪ್ರಮಾಣಪತ್ರ' ಎಂದು ಮುದ್ದಾಗಿ ಕಾಣುವುದು ಡಿಸ್ಕಿನೊಳಗೆ ಕೊಂಬು ಬಾಲ ಮೂಡಿದ ರೋಮನ್ ಅಕ್ಷರಗಳ ಸಂತೆ. ಕನ್ನಡವೆಂಬುದು ಫಾಂಟು ತೊಡಿಸಿದ ವೇಷ. ಯೂನಿಕೋಡಿನಲ್ಲಿ 'ವಾರಸಾ' ಎಂದು ಹುಡುಕಿದರೆ ಯಂತ್ರ ಇಲ್ಲವೆನ್ನುತ್ತದೆ, ತನ್ನ ಮಟ್ಟಿಗೆ ಸತ್ಯವನ್ನೇ. ಹಳೆಯ ವಿನ್ಯಾಸದಲ್ಲೇ ಒತ್ತಿದರೆ ಸಿಕ್ಕರೂ ಸಿಕ್ಕೀತು, ಆದರೆ ಹುಡುಕುವ ಪೆಟ್ಟಿಗೆಯಲ್ಲಿ ಮೂಡುವ ಭಾಷೆಯನ್ನು ಓದಲು ಪೈಶಾಚಿ ಬಲ್ಲ ಗುಣಾಢ್ಯನೇ ಬರಬೇಕು. ಔರಾದಿನಲ್ಲಿ ಮರಾಠಿಯ ಹಳೆಯ ಫಾಂಟುಗಳೂ ಸೇರಿ ಪಿಶಾಚಿಗಳು ಎರಡಾಗುತ್ತವೆ. ಕಾಣಲು 'ಯೋಗ್ಯ'ವಾದದ್ದು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬೇಕೆಂದು ಭಾಟ್ಟರು ಸೇರಿಸಿದ್ದ ಷರತ್ತನ್ನು ಯಂತ್ರ ಓದಿಲ್ಲ.

ಔರಾದಿನ ಅಂಗಡಿಯ ಹುಡುಗ ಓದದೆಯೇ ಬಲ್ಲ. ಒಬ್ಬ ಮುದುಕರು ಬಂದರು. ಅವನು ಕಡತದ ಹೆಸರು ಕೇಳಲೇ ಇಲ್ಲ.

"ಯಾವಾಗ ಬಂದಿದ್ರಿ ಕಾಕಾ?"

"ಸಂತಿ ದಿನ. ಜೋರ್ ಮಳಿ ಇತ್ತಲ್ಲ."

ಹುಡುಗ ಪಟ್ಟಿಯನ್ನು ತಾರೀಖಿನ ಸಾಲಿಗೆ ತಿರುಗಿಸಿದ. ಬೆರಳು ಒಂದು ಕಡೆ ನಿಂತಿತು.

"ಅವತ್ತು ನಡುವ ಕರೆಂಟ್ ಹೋಗಿತ್ತೇನ್ರೀ?"

"ಹೌದಪಾ, ಹೋಗಿತ್ತು."

"ಹಂಗಾದ್ರ ಸೇವೇ ಆಗಿಲ್ಲ ಬಿಡ್ರಿ. ಹೊಸದು ಹೊಡೀಲೇನು?"