ಕನ್ನಡಿ ಇಲ್ಲದ ಎರಡು ಲಕ್ಷ

ನಮ್ಮ ಸಿಂದಗಿ ಸೀಮೆಯಲ್ಲಿ ಎತ್ತನ್ನು ಹಲ್ಲು ನೋಡಿ ಕೊಳ್ಳುತ್ತಾರೆ, ಎಮ್ಮೆಯನ್ನು ಕೆಚ್ಚಲು ನೋಡಿ ಕೊಳ್ಳುತ್ತಾರೆ, ಕ್ಯಾಮೆರಾವನ್ನು ಮಾತ್ರ ಗಾತ್ರ ನೋಡಿ ನಂಬುತ್ತಾರೆ. ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಯಂಕಂಚಿಯ ಓಣಿಗೆ ಕಾಲಿಟ್ಟವನಿಗೆ "ಬರ್ರಿ ಸರ್, ಕುಂದರ್ರಿ, ಚಾ ತಗೋರಿ" ಎಂಬ ಉಪಚಾರ ನಡೆಯುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವ ಕ್ಯಾಮೆರಾವನ್ನು ಕಿಸೆಯಿಂದ ತೆಗೆದವನಿಗೆ ಚಹಾ ಇಲ್ಲ, ಪ್ರಶ್ನೆ ಮಾತ್ರ: "ಏ ತಮ್ಮಾ, ನಾವಿಷ್ಟು ಮಂದಿ ಅದರಾಗ ಹಿಡಸ್ತೀವೇನು?"

ನಮ್ಮ ಮನೆತನದಲ್ಲಿ ಎರಡೂ ಇವೆ. ದೊಡ್ಡದು ನನ್ನ ಅಕ್ಕನ ಮಗನದು. ಸಿಂದಗಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೂ ಮದುವೆ ಹಿಡಿಯಲು ಹೋಗುವ ಹುಡುಗ. ಬಾಡಿ ಮುಕ್ಕಾಲು ಕೆಜಿ, ಅದಕ್ಕೆ ಹಚ್ಚುವ ಉದ್ದನೆಯ ಲೆನ್ಸ್ ಒಂದು ಕೆಜಿಗೂ ಮೇಲೆ, ಬಾಡಿಯೊಂದರ ಬೆಲೆಯೇ ಎರಡು ಲಕ್ಷದ ಆಚೆ. ಸಣ್ಣದು ನನ್ನದು. ಮೊಬೈಲಿನಲ್ಲಿ ಬರೀ ಮಾತಾಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿ, ಯಾವ ಕಂಪನಿಯದೆಂದು ಈಗ ನನ್ನ ಮಾತಿನ ಮೇಲೆ ನಂಬಬೇಕು.

ಈ ಅಳಿಯ ತನ್ನ ಹೊಸ ಮಿರರ್‌ಲೆಸ್, ಅಂದರೆ ಕನ್ನಡಿ ಇಲ್ಲದ ಕ್ಯಾಮೆರಾ, ತಂದ ದಿನ ನಮ್ಮ ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಳೆಯ ವೃತ್ತಿಪರ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತೋರಿಸುತ್ತಿತ್ತು. ಗುಂಡಿ ಒತ್ತಿದೊಡನೆ 'ಟಪ್' ಎಂದು ಮೇಲೇರಿ ದಾರಿ ಬಿಡುತ್ತಿತ್ತು. 2008ರಲ್ಲಿ ಪ್ಯಾನಸೋನಿಕ್ ಕಂಪನಿ ಆ ಕನ್ನಡಿಯನ್ನೇ ಕಿತ್ತುಹಾಕಿ, ಸೆನ್ಸರ್ ಕಂಡದ್ದನ್ನು ನೇರವಾಗಿ ಒಂದು ಪುಟ್ಟ ಪರದೆಯ ಮೇಲೆ ತೋರಿಸುವ ಜಿ1 ಎಂಬ ಕ್ಯಾಮೆರಾ ತಂದಿತು. 2013ರಲ್ಲಿ ಸೋನಿ ಅದನ್ನೇ ಹಳೆಯ ಫಿಲ್ಮಿನಷ್ಟಗಲದ ಸೆನ್ಸರ್ ಇಟ್ಟು ಮಾಡಿತು. ಅಂಥ ದೊಡ್ಡ ಸೆನ್ಸರಿನ ಕ್ಯಾಮೆರಾಗಳಲ್ಲಿ ಕನ್ನಡಿ ಬಿಡಲು ಒಲ್ಲದಿದ್ದ ಕ್ಯಾನನ್, ನಿಕಾನ್ ಕೂಡ 2018ರಲ್ಲಿ ಅದೇ ದಾರಿ ಹಿಡಿದವು. ಅಳಿಯ ಇದನ್ನೆಲ್ಲ ಭಕ್ತಿಯಿಂದ ವಿವರಿಸಿದ. ಕಾಕಾ ಲೆಕ್ಕದ ಮನುಷ್ಯ.

"ಕನ್ನಡಿ ತಗದಾರ ಅಂದಮ್ಯಾಲ ರೊಕ್ಕಾ ಕಡಿಮಿ ಆಗಬೇಕಲ್ಲೋ ತಮ್ಮಾ? ಎತ್ತಿಲ್ಲದ ಬಂಡಿಗೆ ಯಾರರ ಜಾಸ್ತಿ ರೊಕ್ಕಾ ಕೊಡ್ತಾರೇನು?"

"ಎತ್ತಿಲ್ಲದ ಬಂಡಿಗೆ ಟ್ರ್ಯಾಕ್ಟರ್ ಅಂತಾರ ಮುತ್ಯಾ. ನೀ ಅದಕ್ಕ ಎಂಟು ಲಕ್ಷ ಕೊಟ್ಟೀದಿ."

ಆ ಟ್ರ್ಯಾಕ್ಟರು ಸಾಲದಲ್ಲಿ ಬಂದು ಅಂಗಳದಲ್ಲಿ ನಿಂತಿದ್ದರಿಂದ ಕಾಕಾ ಮುಂದೆ ಮಾತಾಡಲಿಲ್ಲ. ನಾನು ಮಾತ್ರ ನನ್ನ ಕಿಸೆ ಕ್ಯಾಮೆರಾ ಎತ್ತಿ ಹಿಡಿದು, ಇದರೊಳಗೆ ಹುಟ್ಟಿದಾಗಿನಿಂದಲೂ ಕನ್ನಡಿ ಇಲ್ಲ, ಇದು ನಿಮ್ಮೆಲ್ಲರಿಗಿಂತ ಹಿರಿಯ ಮಿರರ್‌ಲೆಸ್ ಎಂದು ವಾದಿಸಿದೆ. ಯಾರೂ ಕಿವಿಗೊಡಲಿಲ್ಲ.

ಒಂದು ಕಾಲಕ್ಕೆ ಈ ಸಣ್ಣವುಗಳದೇ ರಾಜ್ಯ. 2010ರಲ್ಲಿ ಜಗತ್ತಿನ ಅಂಗಡಿಗಳಿಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು, ಅವುಗಳಲ್ಲಿ ಬಹುಪಾಲು ಕಿಸೆಯವೇ. ಆಮೇಲೆ ಮೊಬೈಲ್ ಬಂದು ಅವನ್ನೆಲ್ಲ ನುಂಗಿ ನೀರು ಕುಡಿಯಿತು. ಈಗ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಅದೇ ಹಳೆಯ ಕ್ಯಾಮೆರಾಗಳನ್ನು 'ಡಿಜಿಕ್ಯಾಮ್' ಎಂದು ಹುಡುಕಿಕೊಂಡು ಹೊರಟಿದ್ದಾರೆ. ಅವರಿಗೆ ಅದರ ಫ್ಲ್ಯಾಶಿನ ಬಿಳಿಚು ಮುಖಗಳೇ ಚಂದವಂತೆ. ನಮ್ಮ ಆಯಿಗೆ ಈ ಮಾತು ಹೇಳಿದರೆ, "ನನ್ನ ಮಾರಿ ದೆವ್ವಿನಾಂಗ ಬಂದದ್ದನ್ನ ರೊಕ್ಕಾ ಕೊಟ್ಟು ನೋಡ್ತಾರೇನು?" ಎಂದಳು.

ಆಯಿಯ ಸಿಟ್ಟಿಗೆ ಕಾರಣವಿದೆ. ನಮ್ಮದು ಹಳೆಯ ಮಾಳಿಗೆ ಮನೆ. ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು. ನನ್ನ ಕ್ಯಾಮೆರಾದ ಸೆನ್ಸರ್ 6 ಮಿಲಿಮೀಟರ್ ಉದ್ದ, ನಾಲ್ಕೂವರೆ ಅಗಲ. ಅಳಿಯನದು 36 ಉದ್ದ, 24 ಅಗಲ. ಗುಣಿಸಿ ನೋಡಿದರೆ ಬೆಳಕು ಬೀಳುವ ಜಾಗ ಮೂವತ್ತೆರಡು ಪಟ್ಟು. ಒಳಗಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಆಯಿಯನ್ನು ಅವನು ಫ್ಲ್ಯಾಶ್ ಇಲ್ಲದೆ ತೆಗೆದರೆ ಕೈಯ ನರ, ಕೊಮ್ಮಣಿಗೆಯ ಅಂಚಿಗೆ ಅಂಟಿದ ಹಿಟ್ಟು, ಒಲೆಯ ಕೆಂಡದ ಬಣ್ಣ ಎಲ್ಲ ಬರುತ್ತದೆ. ನಾನು ಫ್ಲ್ಯಾಶ್ ಇಲ್ಲದೆ ತೆಗೆದರೆ ಕತ್ತಲೆಯಲ್ಲಿ ಜೋಳ ಚೆಲ್ಲಿದ ಹಾಗೆ ಬರೀ ಕಾಳು ಕಾಳು. ಫ್ಲ್ಯಾಶ್ ಹಾಕಿದರೆ ಆಯಿಯ ಚಾಳೀಸು ಮಾತ್ರ ಝಗ್ಗೆಂದು ಹೊಳೆಯುತ್ತದೆ.

ಹೊರಗೆ ಬಂದರೆ ಪಂದ್ಯ ತಿರುಗುತ್ತದೆ. ಅಂಗಳದಲ್ಲಿ ಕಾಕಾ ಹೊಸ ಪಟಕಾ ಸುತ್ತಿಕೊಂಡು ಟ್ರ್ಯಾಕ್ಟರಿನ ಮುಂದೆ ನಿಂತರು. ಅಳಿಯ ತನ್ನ ದುಬಾರಿ ಲೆನ್ಸ್ ಹಚ್ಚಿ ತೆಗೆದ. ಮೀಸೆಯ ಒಂದೊಂದು ಕೂದಲೂ ಎಣಿಸಬಹುದು. ಹಿಂದೆ ಮಾತ್ರ ಕೆಂಪನೆಯದೊಂದು ಮಬ್ಬು.

"ಟ್ರ್ಯಾಕ್ಟರ್ ಎಲ್ಲಿ ಹೋತು?"

"ಅದನ್ನ ಬೇಕಂತನ ಮಬ್ಬು ಮಾಡೇನಿ ಮುತ್ಯಾ. ಇದಕ್ಕ ಬೊಕೆ ಅಂತಾರ. ಇದರ ಸಲುವಾಗೇ ಮಂದಿ ಈ ಲೆನ್ಸ್ ತಗೋತಾರ."

"ಬೊಕೆ ಅನ್ನು, ಬಕೆಟ್ ಅನ್ನು. ನನ್ನ ಮಾರಿ ದಿನಾ ನೋಡ್ತಾರ. ಟ್ರ್ಯಾಕ್ಟರ್ ಕಾಣಲಿ ಅಂತ ನಿಂತಿದ್ದೆ. ಕಂತು ಮಬ್ಬು ಮಾಡಾಕ ಬರತೈತೇನು?"

ನನ್ನ ಕ್ಯಾಮೆರಾ ಇಂಥ ಭೇದ ಮಾಡುವುದಿಲ್ಲ. ಸೆನ್ಸರ್ ಸಣ್ಣದಾದ್ದರಿಂದ ಅದಕ್ಕೆ ಹತ್ತಿರದ್ದೂ ನಿಚ್ಚಳ, ದೂರದ್ದೂ ನಿಚ್ಚಳ. ಕಾಕಾ, ಟ್ರ್ಯಾಕ್ಟರು, ಅದರ ನಂಬರು, ಆಚೆ ಬದಿಗೆ ಒಣಹಾಕಿದ ಮೆಣಸಿನಕಾಯಿ, ನೋಡಿಯೂ ನೋಡದಂತೆ ನಿಂತ ಎದುರು ಮನೆಯವರು ಎಲ್ಲರೂ ಬಂದರು. ಬಸವಣ್ಣ ಹುಟ್ಟಿದ ಜಿಲ್ಲೆಗೆ ಒಪ್ಪುವ ಕ್ಯಾಮೆರಾ ಇದೇ ಎಂದು ನಾನು ಅಂದುಕೊಂಡೆ. ಗುಂಪಿನ ಫೋಟೋದಲ್ಲಿ ಎರಡನೇ ಸಾಲಿನ ಬೀಗರನ್ನು ಮಬ್ಬು ಮಾಡಿ, ಮುಂದಿನ ಹಬ್ಬಕ್ಕೆ ಅವರು ಬಾರದಂತೆ ಮಾಡುವ ಶಕ್ತಿ ಇದಕ್ಕಿಲ್ಲ.

ಓಡುವುದನ್ನು ಹಿಡಿಯುವುದರಲ್ಲಿ ಮಾತ್ರ ನನ್ನದು ಸೋಲೊಪ್ಪಬೇಕು. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಗುಂಡಿ ಒತ್ತಿದರೆ, ಅದು ಯೋಚನೆ ಮಾಡಿ, ಗುರಿ ಸರಿಮಾಡಿಕೊಂಡು ತೆಗೆಯುವಷ್ಟರಲ್ಲಿ ಮಂದಿ ಊಟದ ಪಂಕ್ತಿಯ ಕಡೆ ತಿರುಗಿರುತ್ತಾರೆ. ನಮ್ಮ ಮನೆಯ ಹಳೆಯ ಆಲ್ಬಮ್ಮುಗಳಲ್ಲಿ ಬೀಗರ ಬೆನ್ನುಗಳು ಅಷ್ಟೊಂದು ಇರುವುದು ಇದೇ ಕಾರಣಕ್ಕೆ. ಅಳಿಯನ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ, ಮನುಷ್ಯರ ಕಣ್ಣನ್ನೇ ಅಲ್ಲ, ಪ್ರಾಣಿಗಳ ಕಣ್ಣನ್ನೂ ತಾನೇ ಹುಡುಕಿ ಹಿಡಿಯುತ್ತದೆ. ಅದರ ಖರೆ ಪರೀಕ್ಷೆ ನಡೆದದ್ದು ಕಾರಹುಣ್ಣಿಮೆಯ ಸಂಜೆ. ಕೋಡಿಗೆ ಬಣ್ಣ ಬಳಿದ ಎತ್ತುಗಳು ಅಗಸಿಯ ಕಡೆ ಧೂಳೆಬ್ಬಿಸಿ ಓಡಿಬಂದು, ಅಡ್ಡ ಕಟ್ಟಿದ ಕರಿಯ ತೋರಣ ಹರಿದವು. ಕೆಂದೆತ್ತು ಮುಂದಾಯಿತೋ ಬಿಳಿ ಎತ್ತು ಮುಂದಾಯಿತೋ ಎಂಬುದರ ಮೇಲೆ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆಂಬ ನಂಬಿಕೆ. ಹಿರಿಯರಲ್ಲಿ ಎರಡು ಪಕ್ಷವಾಯಿತು. ಅಳಿಯ ಓಡಿಬಂದು ಪರದೆ ತೋರಿಸಿದ: ಒಂದು ಚಿತ್ರದಲ್ಲಿ ಬಿಳಿ ಎತ್ತಿನ ಮೂಗು ಒಂದು ಗೇಣು ಮುಂದೆ, ಮೂಗುದಾಣ ಕೂಡ ಸ್ಪಷ್ಟ. ಒಬ್ಬ ಹಿರಿಯರು ಕನ್ನಡಕ ಏರಿಸಿ ನೋಡಿ, "ನಿನ್ನ ಕ್ಯಾಮೆರಾಕ್ಕ ಹೊಲಾ ಐತೇನು?" ಎಂದು ಕೇಳಿದರು. ಇಲ್ಲ ಎಂದ. "ಹಂಗಾರ ಸುಮ್ಮಕಿರು" ಎಂದು ತೀರ್ಪಾಯಿತು. ಆ ಸಲ ಕೆಂದೆತ್ತೇ ಗೆದ್ದಿತು.

ದೊಡ್ಡದಕ್ಕೆ ಇನ್ನೊಂದು ಕಷ್ಟ: ಸಪ್ಪಳವೇ ಇಲ್ಲದೆ ಕೆಲಸ ಮಾಡುತ್ತದೆ. 'ಟಪ್' ಎನ್ನದ ಹೊರತು ನಮ್ಮ ಮಂದಿ ಫೋಟೋ ಆಯಿತೆಂದು ಒಪ್ಪುವುದಿಲ್ಲ. ಉಸಿರು ಬಿಗಿಹಿಡಿದು ನಿಂತೇ ಇರುತ್ತಾರೆ. ಕೊನೆಗೆ ಅಳಿಯ ಸೆಟ್ಟಿಂಗಿಗೆ ಹೋಗಿ ಕೃತಕ ಸಪ್ಪಳ ಚಾಲೂ ಮಾಡಿದ. ಕನ್ನಡಿ ಕಿತ್ತೊಗೆದು ಅದರ ದನಿಯನ್ನು ಸ್ಪೀಕರಿನಿಂದ ಹೊರಡಿಸುವ ಈ ವಿಜ್ಞಾನಕ್ಕೆ ಎರಡು ಲಕ್ಷ.

ನಮ್ಮ ಎರೆಹೊಲದ ಧೂಳು ಎರಡಕ್ಕೂ ವೈರಿ. ತೊಗರಿ ರಾಶಿ ನಡೆದಾಗ ಅಳಿಯ ಲೆನ್ಸ್ ಬದಲಿಸಿದರೆ, ಮುಂದೆ ಕನ್ನಡಿಯ ಮರೆಯೂ ಇಲ್ಲದ ಸೆನ್ಸರಿನ ಮೇಲೆ ಹೊಟ್ಟು ಕೂರುತ್ತದೆ. ಆಮೇಲೆ ವಧುವಿನ ಕೆನ್ನೆಯ ಮೇಲೆಲ್ಲ ದೃಷ್ಟಿಬೊಟ್ಟು. ನನ್ನದರ ಲೆನ್ಸ್ ಬಿಚ್ಚುವಂಥದ್ದಲ್ಲ, ಆದರೆ ಹೊರಚಾಚುವ ನಳಿಕೆಯಲ್ಲಿ ಒಂದು ಹರಳು ಸಿಕ್ಕರೆ ಅರ್ಧಕ್ಕೇ ನಿಂತು ಮುಷ್ಕರ ಹೂಡುತ್ತದೆ. ಬ್ಯಾಟರಿಯ ಕತೆ ಬೇರೆ. ಸೆನ್ಸರ್, ಪರದೆ ಎರಡೂ ಸದಾ ಎಚ್ಚರ ಇರುವುದರಿಂದ ಮಿರರ್‌ಲೆಸ್ ಕರೆಂಟು ಕುಡಿಯುತ್ತದೆ. ಕಿಸೆ ತುಂಬ ಬ್ಯಾಟರಿ ಬೇಕು. ನನ್ನದಕ್ಕೆ ಕಿರಾಣಿ ಅಂಗಡಿಯ ಎರಡು ಪೆನ್ ಸೆಲ್ ಸಾಕು. ನಾಲ್ಕು ಫೋಟೋಕ್ಕೆ ಅವು ಸತ್ತವೆಂದು ಕ್ಯಾಮೆರಾ ಘೋಷಿಸುತ್ತದೆ. ಅವನ್ನೇ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತವೆ.

ಈ ಎರಡು ಕ್ಯಾಮೆರಾಗಳ ಜಗಳ ಕೇಳಿದರೆ ಥಾಮಸ್ ಬಿಗ್ಸ್ ನಗುತ್ತಿದ್ದ. 1855ರಲ್ಲಿ ಬಾಂಬೆ ಸರ್ಕಾರಕ್ಕಾಗಿ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಫೋಟೋ ತೆಗೆದ ಸೇನಾಧಿಕಾರಿ ಅವನು. ಮರದ ಪೆಟ್ಟಿಗೆ, ಮೂರುಕಾಲಿನ ಸ್ಟ್ಯಾಂಡು, ಕಾಗದದ ನೆಗೆಟಿವ್. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಉಣಿಸಬೇಕು. ಅಷ್ಟರೊಳಗೆ ನಡೆದಾಡಿದವರು ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. 1656ರಿಂದ ಅಲುಗದೆ ನಿಂತಿದ್ದ ಗೋಳಗುಮ್ಮಟ ಮಾತ್ರ ಹೇಳಿದ ಮಾತು ಕೇಳಿತು. ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಬರಹದಲ್ಲಿ ಕೈಜೋಡಿಸಿದವನು ನಮ್ಮ ನೆರೆಯ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಇಂದು ಅದೇ ಗುಮ್ಮಟವನ್ನು ಮಟಮಟ ಮಧ್ಯಾಹ್ನ ಅಳಿಯನ ಕ್ಯಾಮೆರಾದಲ್ಲೂ ನನ್ನದರಲ್ಲೂ ತೆಗೆದು ವಾಟ್ಸಾಪಿಗೆ ಹಾಕಿದೆವು. ವಾಟ್ಸಾಪ್ ಎರಡನ್ನೂ ಹಿಂಡಿ ಹಿಪ್ಪೆ ಮಾಡಿತು. ಯಾವುದು ಯಾವುದರದೆಂದು ನಾವಿಬ್ಬರೇ ವಾದಕ್ಕಿಳಿದೆವು. ವಿಜಯಪುರದ ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾಗಳೂ ಜಾಣ.

ಕ್ಯಾಮೆರಾ ಪರೀಕ್ಷೆ ಮಾಡುವವರು ಹಿಡಿಯುವವರಲ್ಲ, ಎದುರಿಗೆ ನಿಲ್ಲುವವರು. ದೊಡ್ಡದನ್ನು ಎತ್ತಿದೊಡನೆ ಆಯಿ ಸೆರಗು ಹೊದ್ದು, ಬಾಯಿ ಬಿಗಿದು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವಳಾಗುತ್ತಾಳೆ. ಆ ಮುಖಕ್ಕೆ ಘನತೆಯಿದೆ. ಗೋಡೆಗೆ ತೂಗುಹಾಕುವುದು ಅದನ್ನೇ. ಸಣ್ಣದನ್ನು ಎತ್ತಿದರೆ ಅವಳು ಲೆಕ್ಕಕ್ಕೇ ಇಡುವುದಿಲ್ಲ. ಸೊಸೆಯನ್ನು ಬಯ್ಯುವುದನ್ನೂ ನಿಲ್ಲಿಸುವುದಿಲ್ಲ. ಎಳ್ಳಮಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿಗೆ ಭಜ್ಜಿ ಪಲ್ಲೆ ಹಚ್ಚಿಕೊಂಡು, ತುಂಬಿದ ಬಾಯಲ್ಲೇ ನಗುವ ಆಯಿ ಸಿಕ್ಕದ್ದು ನನ್ನ ಅಳಿಸಿದ ಅಕ್ಷರದ ಕ್ಯಾಮೆರಾದಲ್ಲಿ. ಅಳಿಯ ಅದರ ಒಂದು ಪ್ರತಿ ಕೇಳಿ ಇಸಕೊಂಡು ಹೋಗಿದ್ದಾನೆ.

ಆದ್ದರಿಂದ ಕೊಳ್ಳಲು ಹೊರಟವರಿಗೆ ನನ್ನ ಮಾತು ಇಷ್ಟೇ. ಮದುವೆ ಹಿಡಿದು ಹೊಟ್ಟೆ ಹೊರೆಯುವವರು ಸಾಲ ಮಾಡಿಯಾದರೂ ದೊಡ್ಡದನ್ನೇ ತನ್ನಿ. ಕತ್ತಲೆಯಲ್ಲಿ, ಓಟದಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಮನೆಯವರನ್ನು ಮನೆಯವರಾಗಿ ನೋಡಬೇಕೆನ್ನುವವರಿಗೆ ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಸಣ್ಣದೇ ಸಾಕು, ಸೆಲ್ ಹಾಕಿ ನೋಡಿ. ಯಾವುದನ್ನೇ ತನ್ನಿ, ಎದುರಿಗೆ ನಿಂತವರು ಟ್ರ್ಯಾಕ್ಟರಿನ ಮುಂದೆ ನಿಂತಿದ್ದರೆ, ಗುಂಡಿ ಒತ್ತುವ ಮೊದಲು ಕಂತು ತೀರಿದೆಯೋ ಇಲ್ಲವೋ ಕೇಳಿಕೊಳ್ಳಿ.