ಹಕ್ಕಿಗೆ ಸಕ್ಕರೆ ನೀರು, ಬಾಟಲಿ ತೊಳೆಯೋದು ಯಾರು?

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರ ಖರೀದಿಗೆ ಒಂದು ಕ್ರಮವಿದೆ. ಮೊದಲು ಹುಲ್ಲು ಕತ್ತರಿಸುವ ಯಂತ್ರ. ಆಮೇಲೆ ಎಣ್ಣೆಗಾಯಿಗೆ ಒಗ್ಗದೆ, ಗೊಜ್ಜಿಗೆ ಬದನೆಕಾಯಿ ಸುಡಲು ಮಾತ್ರ ಒದಗುವ ಬಾರ್ಬೆಕ್ಯೂ ಒಲೆ. ಆಮೇಲೆ ಕುಂಡದಲ್ಲೊಂದು ಕರಿಬೇವು. ಇಷ್ಟೆಲ್ಲ ಆಗಿ, ಹಿತ್ತಿಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಸುಮ್ಮನೆ ನಿಲ್ಲುವಷ್ಟು ನೆಮ್ಮದಿ ಬಂದ ಮೇಲೆ ಹಮ್ಮಿಂಗ್‌ಬರ್ಡ್ ಫೀಡರ್. ಹಕ್ಕಿಗೆ ಸಕ್ಕರೆ ನೀರು ಕುಡಿಸುವ ಬಾಟಲಿ ಅದು. ಕೊಳ್ಳುವವರು ಬಣ್ಣ ನೋಡುತ್ತಾರೆ, ಆಕಾರ ನೋಡುತ್ತಾರೆ, ಯಾರೋ ಊರಿಲ್ಲದವರು ಕೊಟ್ಟ ನಕ್ಷತ್ರಗಳನ್ನು ಎಣಿಸುತ್ತಾರೆ. ‘ಇದನ್ನು ತೊಳೆಯುವವರು ಯಾರು?’ ಎಂದು ಮಾತ್ರ ಕೇಳುವುದಿಲ್ಲ. ಮದುವೆಗೆ ಮುಂಚೆ ಪಾತ್ರೆ ಯಾರು ತೊಳೆಯುತ್ತಾರೆಂದು ಕೇಳದವರು ಫೀಡರಿಗೆ ಮುಂಚೆ ಕೇಳುತ್ತಾರೆಯೇ!

ಹಕ್ಕಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಮೂರು ನಾಲ್ಕು ಗ್ರಾಂ ತೂಕದ ಜೀವ. ಸೆಕೆಂಡಿಗೆ 50ರ ಆಸುಪಾಸು ಸಲ ರೆಕ್ಕೆ ಬಡಿದು ಗಾಳಿಯಲ್ಲೇ ನಿಲ್ಲುತ್ತದೆ, ಬೇಕಾದರೆ ಹಿಂದಕ್ಕೂ ಹಾರುತ್ತದೆ. ಆಗ ಅದರ ಎದೆ ನಿಮಿಷಕ್ಕೆ 1,000ಕ್ಕೂ ಹೆಚ್ಚು ಸಲ ಬಡಿದುಕೊಳ್ಳುತ್ತದೆ. ಆ ರೆಕ್ಕೆಯನ್ನು ಚಿತ್ರದಲ್ಲಿ ಹಿಡಿಯಲು ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಎಂಬ ಪ್ರೊಫೆಸರು ಮಿಂಚಿನ ಹಾಗೆ ಹತ್ತಿ ಆರುವ ಸ್ಟ್ರೋಬ್ ದೀಪವನ್ನೇ ಬಳಸಬೇಕಾಯಿತು. 1947ರಲ್ಲಿ ಅವರ ಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ನಮ್ಮವರ ಫೋನಿನಲ್ಲೂ ಚಿತ್ರಗಳಿವೆ. ಎಲ್ಲದರಲ್ಲೂ ಫೀಡರ್ ಬಹಳ ಸ್ಪಷ್ಟವಾಗಿ ಬಂದಿರುತ್ತದೆ. ‘ಇಲ್ಲಿತ್ತು ನೋಡಿ, ಈಗ ತಾನೇ ಹೋಯ್ತು’ ಎಂದು ಬೆರಳಿಟ್ಟು ತೋರಿಸುತ್ತಾರೆ.

ಈ ಹಕ್ಕಿ ಎರಡು ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಅಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ. ಆದರೆ ನಿಮ್ಮ ಬಾಟಲಿಗೆ ಯಾವುದು ಬರುತ್ತದೆ ಎಂಬುದನ್ನು ನಿಮಗೆ ಕೆಲಸ ಕೊಟ್ಟ ಕಂಪನಿ ತೀರ್ಮಾನಿಸಿರುತ್ತದೆ. ನ್ಯೂಜೆರ್ಸಿಯಲ್ಲಿದ್ದರೆ ಕೆಂಪು ಕೊರಳಿನ ರೂಬಿ ಥ್ರೋಟೆಡ್. ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಗೂಡು ಕಟ್ಟುವುದು ಅದೊಂದೇ. ವಸಂತದಲ್ಲಿ ಬಂದು, ಚಳಿ ಮೂಗು ತೋರಿಸುವ ಮೊದಲೇ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ಹೊರಡುತ್ತದೆ. ಎಷ್ಟೋ ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಎಲ್ಲೂ ಇಳಿಯದೆ ದಾಟುತ್ತವೆ. ‘ಫೀಡರ್ ಇಳಿಸದಿದ್ದರೆ ಪಾಪದ್ದು ಆಸೆಗೆ ಬಿದ್ದು ಇಲ್ಲೇ ಉಳಿದುಬಿಡುತ್ತೆ’ ಎಂದು ಕೆಲವರು ಆಗಸ್ಟಿನಲ್ಲೇ ಅವಸರದಿಂದ ಬಾಟಲಿ ಇಳಿಸುತ್ತಾರೆ. ಅದೆಲ್ಲ ಸುಳ್ಳು. ಹಗಲು ಕಿರಿದಾಗುತ್ತ ಬಂದರೆ ಹಕ್ಕಿಗೆ ಹೊರಡುವ ಹೊತ್ತು ತಿಳಿಯುತ್ತದೆ. ಇಷ್ಟು ವರ್ಷ ಕಾದಿದ್ದೇವೆ, ಗ್ರೀನ್ ಕಾರ್ಡ್ ಬಂದೇ ಬಿಡಲಿ ಎಂದು ಕೂರುವ ರೂಢಿ ಅದಕ್ಕಿಲ್ಲ. ಸೋಮಾರಿಗಳಿಗೆ ಈ ಸುಳ್ಳಿನಿಂದ ಎರಡು ತಿಂಗಳ ತೊಳೆಯುವ ಕೆಲಸ ಉಳಿಯುತ್ತದೆ, ಅಷ್ಟೇ ಲಾಭ.

ಕ್ಯಾಲಿಫೋರ್ನಿಯದ ಫ್ರೀಮಾಂಟು, ಸನ್ನಿವೇಲ್ ಕಡೆಯವರಿಗೆ ಆ ಎರಡು ತಿಂಗಳೂ ಇಲ್ಲ. ಅವರ ಪಾಲಿಗೆ ಬಂದಿರುವುದು ಆ್ಯನಾಸ್ ಹಮ್ಮಿಂಗ್‌ಬರ್ಡ್. ಹನ್ನೆರಡು ತಿಂಗಳೂ ಊರು ಬಿಡದು. ರಿವೋಲಿಯ ಡಚೆಸ್ ಎಂಬ ಬಿರುದು ಹೊತ್ತಿದ್ದ ಫ್ರಾನ್ಸಿನ ಆ್ಯನಾ ಮಸೇನಾ ಎಂಬಾಕೆಯ ಹೆಸರನ್ನು ಅದಕ್ಕಿಟ್ಟಿದ್ದಾರೆ. ಡಚೆಸಮ್ಮನ ಹೆಸರು ಹೊತ್ತದ್ದು ತಾನು ಕುಡಿದ ಪಾತ್ರೆಯನ್ನು ತಾನೇ ತೊಳೆದಿಡುತ್ತದೆಂದು ಕಾಯಬೇಡಿ.

ಈಗ ಅಂಗಡಿಗೆ ಹೋಗೋಣ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಊದಿದ ಗಾಜಿನ ಬಾಟಲಿ. ನೀಲಿ ಕೆಂಪು ಸುರುಳಿ, ಸುತ್ತ ತಾಮ್ರದ ಬಳ್ಳಿ, ಕಿರಿದಾದ ಕತ್ತು. ಅದನ್ನು ತಲೆಕೆಳಗಾಗಿ ತೂಗುಹಾಕುತ್ತಾರೆ. ಬಾಟಲಿಯ ಮೇಲುಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು ಕೆಳಗೆ ಸುರಿಯದೆ ನಿಂತಿರುತ್ತದೆ. ಮಧ್ಯಾಹ್ನ ಬಿಸಿಲು ಬಿತ್ತೋ, ಒಳಗಿನ ಗಾಳಿ ಹಿಗ್ಗಿ ಸಕ್ಕರೆ ನೀರನ್ನು ತೂತುಗಳಿಂದ ಹೊರಕ್ಕೆ ದಬ್ಬುತ್ತದೆ. ತೊಟ್ಟಿಕ್ಕಿದ್ದು ಮರದ ಹಲಗೆಯ ಮೇಲೆ, ಅಲ್ಲಿಗೆ ಇರುವೆ, ಇರುವೆಯನ್ನು ತುಳಿದ ಕಾಲು ಮನೆಯೊಳಗೆ. ಸಾಲದ್ದಕ್ಕೆ ತೂತಿನ ಸುತ್ತ ಚೆಂದಕ್ಕೆಂದು ಹಳದಿ ಪ್ಲಾಸ್ಟಿಕ್ ಹೂ ಅಂಟಿಸಿರುತ್ತಾರೆ. ಹಳದಿ ಎಂದರೆ ಜೇನುಹುಳಕ್ಕೆ, ಕಣಜಕ್ಕೆ ಬಲು ಪ್ರೀತಿ. ಹಮ್ಮಿಂಗ್‌ಬರ್ಡಿಗೆ ಕೆಂಪಿದ್ದರೆ ಸಾಕು.

ಅದೇ ಸಾಲಿನ ಕೊನೆಯಲ್ಲಿ ಯಾರೂ ಮುಟ್ಟದ ಇನ್ನೊಂದು ಇರುತ್ತದೆ: ಚಪ್ಪಟೆ ತಟ್ಟೆ, ಅದಕ್ಕೊಂದು ಕೆಂಪು ಮುಚ್ಚಳ, ಮುಚ್ಚಳದಲ್ಲಿ ನಾಲ್ಕು ತೂತು. ನೋಡಲಿಕ್ಕೆ ಏನೂ ಚೆಂದವಿಲ್ಲ. ಆದರೆ ನೀರು ತೂತಿಗಿಂತ ಕೆಳಗಿರುವುದರಿಂದ ತೊಟ್ಟಿಕ್ಕುವುದಿಲ್ಲ. ಕಣಜದ ಬಾಯಿಗೆ ಎಟುಕುವುದಿಲ್ಲ, ಹಕ್ಕಿಯ ಉದ್ದ ನಾಲಿಗೆಗೆ ಎಟುಕುತ್ತದೆ. ಮುಚ್ಚಳ ತೆಗೆದರೆ ಕೈ ಪೂರ್ತಿ ಒಳಗೆ ಹೋಗುತ್ತದೆ. ಕೆಲವನ್ನು ಡಿಶ್‌ವಾಷರಿಗೂ ಹಾಕಬಹುದು. ನನ್ನನ್ನು ಕೇಳಿದರೆ ಆಯ್ಕೆ ಇಲ್ಲಿಗೇ ಮುಗಿಯಬೇಕು. ಮುಗಿಯುವುದಿಲ್ಲ; ‘ಗೃಹಪ್ರವೇಶಕ್ಕೆ ಬಂದವರು ನೋಡ್ತಾರಲ್ವಾ’ ಎಂದು ಗಾಜಿನದೇ ಗಾಡಿಗೆ ಬೀಳುತ್ತದೆ. ಅದೂ ದೊಡ್ಡದು, ಲೀಟರಿನದು. ‘ಪದೇ ಪದೇ ತುಂಬೋ ತಾಪತ್ರಯ ಇರಲ್ಲ.’

ಲೆಕ್ಕ ಹಾಕಿ ಸ್ವಾಮಿ, ಎಂಜಿನಿಯರುಗಳಲ್ಲವೇ ನೀವು! ನಾಲ್ಕು ಗ್ರಾಮಿನ ಹಕ್ಕಿ ದಿನಕ್ಕೆ ತನ್ನ ತೂಕದ ಎರಡರಷ್ಟು ಹೀರಿದರೂ ಎಂಟು ಗ್ರಾಂ. ಲೀಟರ್ ನೀರು ಅದಕ್ಕೆ ನಾಲ್ಕು ತಿಂಗಳಿಗೆ ಬಂತು. ಬೇಸಿಗೆಯ ಬಿಸಿಲಿಗೆ ಆ ನೀರು ಎರಡು ಮೂರು ದಿನಕ್ಕೇ ಹುಳಿಯುತ್ತದೆ. ‘ನಮ್ಮನೇಲಿ ರಾತ್ರಿ ಬೆಳಗಾಗೋದರೊಳಗೆ ಖಾಲಿ!’ ಎಂದು ದಕ್ಷಿಣ ಅರಿಜೋನಾದವರೊಬ್ಬರು ಹೆಮ್ಮೆಪಟ್ಟರೆ ನಂಬಿ, ಆದರೆ ಹಕ್ಕಿಯನ್ನು ಹೊಗಳಬೇಡಿ. ಅಲ್ಲಿ ಮಕರಂದ ಕುಡಿಯುವ ಬಾವಲಿಗಳು ರಾತ್ರಿ ಬಂದು ಬಾಟಲಿ ಬರಿದು ಮಾಡಿಹೋಗುತ್ತವೆ.

ಇರುವೆಗೆಂದು ಫೀಡರಿನ ಮೇಲೆ ಸಿಕ್ಕಿಸುವ ಒಂದು ಪುಟ್ಟ ಬಟ್ಟಲೂ ಮಾರುತ್ತಾರೆ. ನೀರು ತುಂಬಿಟ್ಟರೆ ಇರುವೆ ದಾಟಲಾರದು. ಊರಿಂದ ಬಂದ ಅಮ್ಮ ಅದನ್ನು ನೋಡಿದ ಕೂಡಲೇ, “ಅಯ್ಯೋ, ಉಂಡೆ ಡಬ್ಬಿಯನ್ನ ನೀರಿನ ತಟ್ಟೇಲಿ ಇಡ್ತಿದ್ವಲ್ಲೋ, ಅದೇ ಅಲ್ವೇನೋ ಇದು? ಇದಕ್ಕೂ ದುಡ್ಡು ಕೊಟ್ಯಾ?” ಅಂದರು. ಮಗರಾಯ ಬೆಲೆ ಹೇಳಲಿಲ್ಲ.

ಅಮ್ಮ ಬಂದರೆಂದರೆ ಅಡುಗೆಮನೆಯಲ್ಲಿ ಹಕ್ಕಿಯ ಊಟದ ಬಗ್ಗೆ ಚರ್ಚೆ ಏಳುತ್ತದೆ. ಹಕ್ಕಿಗೆ ಬೇಕಾದದ್ದು ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು. ಕರಗಿಸಿ, ಆರಿಸಿ, ಸುರಿದರೆ ಮುಗಿಯಿತು. ಇಷ್ಟು ಸರಳವಾದದ್ದನ್ನು ಒಪ್ಪುವುದು ಹೇಗೆ? “ಬಿಳಿ ಸಕ್ಕರೆ ವಿಷ ಅಂತ ನೀನೇ ಹೇಳ್ತೀಯ. ಬೆಲ್ಲದ ಪಾನಕ ಮಾಡಿ ಹಾಕಣ, ಚಿಟಿಕೆ ಏಲಕ್ಕಿ ಹಾಕಿ.” ಬೇಡಮ್ಮಾ, ಬೆಲ್ಲದಲ್ಲಿ ಕಬ್ಬಿಣದ ಅಂಶ ಹೆಚ್ಚು, ಆ ಪುಟ್ಟ ಮೈಗೆ ಅದು ಹಾನಿ. “ಹಾಗಾದ್ರೆ ಜೇನುತುಪ್ಪ?” ನೀರು ಬೆರೆಸಿದ ಜೇನು ಬೇಗ ಹುಳಿತು ಬೂಷ್ಟು ಕಟ್ಟುತ್ತದೆ. “ಒಂದೆಳೆ ಪಾಕ?” ಅಷ್ಟು ಗಟ್ಟಿ ಆಗದು. “ಬಣ್ಣಾನಾದ್ರೂ ಹಾಕೋ, ಬರೀ ನೀರಿನ ಹಾಗಿದೆ.” ಬಣ್ಣವೂ ಬೇಡ, ಫೀಡರೇ ಕೆಂಪಗಿರುವಾಗ ನೀರಿಗೇಕೆ? ಹೂವಿನೊಳಗಿನ ಮಕರಂದಕ್ಕೂ ಬಣ್ಣವಿಲ್ಲ. ಇಷ್ಟಾದ ಮೇಲೆ ಸೋಫಾದಿಂದ ಅಪ್ಪನ ದನಿ: “ನನ್ನ ಕಾಫಿಗೆ ಅರ್ಧ ಚಮಚ ಕೇಳಿದ್ರೆ ಡಾಕ್ಟರ ಹೆಸರು ಹೇಳ್ತೀರಿ. ಹಕ್ಕಿಗೆ ಬಟ್ಟಲುಗಟ್ಟಲೆ!” ಅಪ್ಪನ ಸಮಾಧಾನಕ್ಕೆಂದು ಶುಗರ್‌ಫ್ರೀ ಸಕ್ಕರೆಯನ್ನು ಹಕ್ಕಿಗೆ ಹಾಕೀರಿ ಜೋಕೆ. ಅದರಲ್ಲಿ ಶಕ್ತಿಯೇ ಇಲ್ಲ, ಹೊಟ್ಟೆ ತುಂಬಿಸಿಕೊಂಡೇ ಹಕ್ಕಿ ಉಪವಾಸ ಬಿದ್ದೀತು.

ತೊಳೆಯುವ ಮಾತಿಗೆ ಬರುತ್ತೇನೆ. ಎಲ್ಲರೂ ಇಲ್ಲಿಗೆ ಬಂದಾಗ ಎದ್ದು ಹೋಗುತ್ತಾರೆ, ನೀವು ಕೂತಿರಿ. ಹಮ್ಮಿಂಗ್‌ಬರ್ಡ್ ನೀರನ್ನು ಸ್ಟ್ರಾದಲ್ಲಿ ಹೀರಿದಂತೆ ಹೀರುತ್ತದೆಂದೋ, ಸೂಕ್ಷ್ಮ ನಾಳದಲ್ಲಿ ನೀರು ತಾನಾಗಿ ಏರುತ್ತದೆಂದೋ ಬಹಳ ಕಾಲ ನಂಬಿದ್ದರು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಲೆಹಾಂದ್ರೊ ರಿಕೊ-ಗೆವಾರಾ ಮತ್ತು ಮಾರ್ಗರೆಟ್ ರುಬೇಗಾ 2011ರಲ್ಲಿ ಬೇರೆಯದನ್ನೇ ತೋರಿಸಿದರು. ಸೀಳಿದ ನಾಲಿಗೆಯ ಎರಡು ತುದಿಗಳೂ ನೀರಿನೊಳಗೆ ಬಿಚ್ಚಿಕೊಂಡು, ಹಿಂದೆಗೆಯುವಾಗ ಮಡಚಿ ನೀರನ್ನು ಹಿಡಿದು ತರುತ್ತವೆ. ಸೆಕೆಂಡಿಗೆ ಹತ್ತಾರು ಸಲ ಆ ನಾಲಿಗೆ ಹೋಗಿ ಬರುವುದು ಎಲ್ಲಿ? ನೀವು ಮೂರು ವಾರದಿಂದ ಬ್ರಷ್ ಹಾಕದ, ಅಂಚಿನಲ್ಲಿ ಕಪ್ಪು ಬೂಷ್ಟು ಕೂತಿರುವ ಆ ತೂತಿನಲ್ಲಿ.

ಆದ್ದರಿಂದ ಸೆಕೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ, ತಂಪಿದ್ದಾಗ ವಾರಕ್ಕೊಮ್ಮೆ ತೊಳೆಯಲೇಬೇಕು. ನೀರು ಮೋಡಗಟ್ಟಿದಂತೆ ಕಂಡರೆ ದಿನ ಎಣಿಸದೆ ಚೆಲ್ಲಿ. ಅರ್ಧ ಉಳಿದಿದೆಯಲ್ಲ ಎಂದು ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಹೆಪ್ಪು ಹಾಕಿದಂತೆ. ಬಿಡಿಭಾಗಗಳನ್ನೆಲ್ಲ ಕಳಚಿ, ಬಿಸಿನೀರಿನಲ್ಲಿ ಬಾಟಲಿ ಬ್ರಷ್ಷಿನಿಂದ ಉಜ್ಜಿ, ತೂತುಗಳಿಗೆ ಸಣ್ಣ ಬ್ರಷ್ ಹಾಕಿ. ಅಂಟು ಬಿಡದಿದ್ದರೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿ. ಕಪ್ಪು ಬೂಷ್ಟು ಹಿಡಿದಿದ್ದರೆ ಸುಮಾರು ನಾಲ್ಕು ಲೀಟರ್ ನೀರಿಗೆ ಕಾಲು ಕಪ್ ಬ್ಲೀಚ್ ಹಾಕಿ ಒಂದು ಗಂಟೆ ಮುಳುಗಿಸಿಟ್ಟು, ವಾಸನೆ ಹೋಗುವವರೆಗೆ ಗಲಬರಿಸಿ, ಒಣಗಿಸಿ. ಸುರುಳಿ ಗಾಜಿನ ಬಾಟಲಿಯ ಒಳಗೋಡೆಗೆ ಯಾವ ಬ್ರಷ್ಷೂ ಮುಟ್ಟುವುದಿಲ್ಲ. ಅದಕ್ಕೂ ಅಮ್ಮನ ಹತ್ತಿರ ಉಪಾಯವಿದೆ: ಒಳಗೆ ಹಿಡಿ ಅಕ್ಕಿ, ಒಂದಿಷ್ಟು ಬಿಸಿನೀರು, ಜೋರಾಗಿ ಕುಲುಕುವುದು. ಅಕ್ಕಿ ಉಜ್ಜಿದ ಮೇಲೆ ಬಾಟಲಿ ಫಳಫಳ.

ಎಷ್ಟೋ ಮನೆಗಳ ಗುಟ್ಟು ಇಲ್ಲೇ ಇದೆ. “ನೀವೇ ತಂದಿದ್ದಲ್ವಾ, ನೀವೇ ತೊಳೀರಿ” ಎನ್ನುತ್ತಾಳೆ ಹೆಂಡತಿ. “ಮೀಟಿಂಗ್ ಇದೆ, ಆಮೇಲೆ” ಎನ್ನುತ್ತಾನೆ ಗಂಡ. “ನಂಗೆ ಹೋಮ್‌ವರ್ಕ್” ಎನ್ನುತ್ತದೆ, ಹಕ್ಕಿ ಬೇಕೆಂದು ಹಟ ಹಿಡಿದಿದ್ದ ಮಗು. ಕೊನೆಗೆ ಆರು ತಿಂಗಳ ವೀಸಾದಲ್ಲಿ ಮೊಮ್ಮಗುವನ್ನು ನೋಡಲು ಬಂದ ಜೀವವೊಂದು ಸೆರಗು ಸಿಕ್ಕಿಸಿ ಸಿಂಕಿನ ಮುಂದೆ ನಿಲ್ಲುತ್ತದೆ. ಅವರಿದ್ದಷ್ಟು ದಿನ ಹಕ್ಕಿಗೆ ಸಂಭ್ರಮ. ಅವರು ವಿಮಾನ ಹತ್ತಿದ ಮರುವಾರವೇ ತೂತಿನ ಅಂಚು ಕಪ್ಪು.

ಇಷ್ಟೆಲ್ಲ ಮಾಡಿದರೂ ಹಕ್ಕಿಗಳು ಹಂಚಿಕೊಂಡು ಕುಡಿಯುತ್ತವೆಯೇ? ಗುಲಾಬಿ ಮಿಂಚಿನ ಕೊರಳಿನ ಒಂದು ಗಂಡು ಆ್ಯನಾಸ್ ಎದುರಿನ ಕೊಂಬೆಯ ಮೇಲೆ ಕೂತು ಬಂದವರನ್ನೆಲ್ಲ ಓಡಿಸುತ್ತದೆ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನ ಗತ್ತೇ ಅದರದು: ತಾನೂ ಪೂರ್ತಿ ಕೂರದು, ಬೇರೆಯವರನ್ನೂ ಕೂರಗೊಡದು. ನಾಲ್ಕು ತೂತಿರುವ ದೊಡ್ಡ ಫೀಡರ್ ತಂದರೆ ಇದಕ್ಕೇನೂ ಪರಿಹಾರವಾಗದು. ಸಣ್ಣವು ಎರಡು ತಂದು, ಒಂದರಿಂದ ಇನ್ನೊಂದು ಕಾಣದ ಹಾಗೆ ಮನೆಯ ಎರಡು ಬದಿಗೆ ತೂಗುಹಾಕಿ. ಎರಡೂ ಕಡೆ ಕಾವಲು ಕಾಯಲು ಅದಕ್ಕೂ ಆಗುವುದಿಲ್ಲ.

ಇನ್ನು ಊರಿಗೆ ಮರಳುವಾಗ ಫೀಡರನ್ನು ಸೂಟ್‌ಕೇಸಿನಲ್ಲಿ ತಂದು ಬೆಂಗಳೂರಿನ ಬಾಲ್ಕನಿಗೆ ತೂಗುಹಾಕುವವರಿಗೆ ಒಂದು ಮಾತು. ಹಮ್ಮಿಂಗ್‌ಬರ್ಡ್ ಬರುವುದಿಲ್ಲ. ಬರುವವರು ಇರುವೆ, ಜೇನು, ಕೊನೆಗೆ ಅಳಿಲು. ನಮ್ಮಲ್ಲಿರುವುದು ಸೂರಕ್ಕಿ, ಬೇರೆಯದೇ ಕುಲ. ಹೆಚ್ಚಾಗಿ ಕೊಂಬೆಯ ಮೇಲೆ ಕೂತೇ ಹೂವಿಗೆ ಕೊಕ್ಕು ಹಾಕುತ್ತದೆ. ಅದಕ್ಕೆ ದಾಸವಾಳವಿದೆ, ಹಾಲುವಾಣವಿದೆ.

ಅಲ್ಲಿರುವವರಿಗೆ ನನ್ನ ತೀರ್ಪು ಇಷ್ಟು: ಅಂಗಡಿಯಲ್ಲಿ ಅತ್ಯಂತ ಕುರೂಪಿಯಾದ, ಅತ್ಯಂತ ಚಿಕ್ಕದಾದ, ಕೈ ಪೂರ್ತಿ ಒಳಗೆ ಹೋಗುವ ತಟ್ಟೆಯ ಫೀಡರನ್ನೇ ಕೊಳ್ಳಿ. ಕೊಂಡವರೇ ತೊಳೆಯಿರಿ. ಅಪ್ಪ ಅಮ್ಮನ ಟಿಕೆಟ್ಟಿನ ತಾರೀಖು ನೋಡಿಕೊಂಡು ಕೊಳ್ಳಬೇಡಿ. ಅಷ್ಟೂ ಆಗದು ಎನ್ನುವವರು ಕ್ಯಾಲಿಫೋರ್ನಿಯದಲ್ಲಿ ಸಾಲ್ವಿಯಾ, ನ್ಯೂಜೆರ್ಸಿಯಲ್ಲಿ ಬೀ ಬಾಮ್ ಗಿಡ ನೆಡಿ. ಹಕ್ಕಿ ಅದಕ್ಕೂ ಬರುತ್ತದೆ, ಗಿಡವನ್ನು ಯಾರೂ ಬ್ರಷ್ ಹಾಕಿ ಉಜ್ಜಬೇಕಾಗಿಲ್ಲ.