ಫ್ರಿಜ್ಜಿನ ಮೊದಲ ಗುಟುರು

ಕುಂದಗೋಳ ತಾಲೂಕಿನ ಕುಬಿಹಾಳದಂಥ ಎರೆ ನೆಲದ ಊರಲ್ಲಿ ಕರೆಂಟಿನ ಪಾಠಕ್ಕೆ ಪುಸ್ತಕ ಬೇಡ, ಹತ್ತಿ ಹೇರಿದ ಚಕ್ಕಡಿ ಸಾಕು. ನಿಂತ ಗಾಡಿ ಕೀಳಲು ಎತ್ತುಗಳು ಮೊಣಕಾಲೂರಬೇಕು, ಇಬ್ಬರು ಗಾಲಿಗೆ ಹೆಗಲು ಕೊಡಬೇಕು. ಒಮ್ಮೆ ಉರುಳಿತೋ, ಹೊಡೆಯುವವ ಎಲೆಗೆ ಸುಣ್ಣ ಹಚ್ಚುತ್ತ ಕೂಡಬಹುದು.

ಫ್ರಿಜ್ಜಿನದೂ ಇದೇ ಕತೆ. ಓಡುವಾಗ 150 ವ್ಯಾಟ್ ಸುತ್ತಮುತ್ತ ತಿನ್ನುವ ಹಳೇ ಮಾದರಿಯದು, ಕಂಪ್ರೆಸರ್ ಏಳುವ ಅರೆಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ತಿರುಗದ ಮೋಟಾರಿನಲ್ಲಿ ಕರೆಂಟಿಗೆ ಅಡ್ಡ ನಿಲ್ಲುವ ಎದುರು ವೋಲ್ಟೇಜು ಇನ್ನೂ ಹುಟ್ಟಿರುವುದಿಲ್ಲ. ಬೀಗರೂಟದ ಮೊದಲ ಪಂಕ್ತಿಗೆ ನುಗ್ಗಿದಂತೆ ಕರೆಂಟು ನುಗ್ಗುತ್ತದೆ. ಟಿವಿ, ಫ್ಯಾನು ಸಲೀಸಾಗಿ ಹೊತ್ತ ಇನ್ವರ್ಟರ್ ಆಗ ಕುಂಯ್‌ಗುಡುತ್ತದೆ.

2023ರಲ್ಲಿ ಬಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ ಲೆಕ್ಕ ಇಡುತ್ತದೆ, ಫ್ರಿಜ್ಜಿನ ಈ ಮೊದಲ ಗುಟುರನ್ನಲ್ಲ. ಸೆಕೆಂಡಿನ ಹಸಿವಿಗೆ ಮೀಟರು ಅಷ್ಟಾಗಿ ಓಡುವುದೂ ಇಲ್ಲ.

ನಿಜವಾದ ಜಾತ್ರೆ ಪಂಪ್‌ಸೆಟ್ಟುಗಳದು. ತ್ರೀಫೇಸ್ ಬಂದದ್ದೇ ತಡ, ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಏಕಕಾಲಕ್ಕೆ ಎದ್ದರೆ ಟ್ರಾನ್ಸ್‌ಫಾರ್ಮರಿನ ಎದೆ ಒಡೆಯುತ್ತದೆ. ಹಿಟ್ಟಿನ ಗಿರಣಿಯವರು ಇದ್ದುದರಲ್ಲಿ ಜಾಣರು: ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿ ಆರಂಭದ ಎಳೆತವನ್ನು ಮೂರನೇ ಒಂದಕ್ಕೆ ಇಳಿಸುತ್ತಾರೆ.

ಮತ್ತೆ ಫ್ರಿಜ್ಜಿಗೆ ಬಂದರೆ, ಕರೆಂಟು ಹೋಗಿ ಬಂದೊಡನೆ ಅದನ್ನು ಹಚ್ಚಬಾರದು. ಒಳಗಿನ ಗ್ಯಾಸಿನ ಒತ್ತಡ ಇಳಿಯಲು ನಾಲ್ಕೈದು ನಿಮಿಷ ಬೇಕು. ಮೊಮ್ಮಗ ಸ್ವಿಚ್ಚಿಗೆ ಕೈ ಹಾಕಿದರೆ ರೊಟ್ಟಿ ಬಡಿಯುವ ಅಜ್ಜಿ ಹಿಟ್ಟಿನ ಕೈಯಲ್ಲೇ ತಡೆಯುತ್ತಾಳೆ: “ತಡಿಯೋ ತಮ್ಮಾ, ಅದೂ ಒಂಚೂರು ದಮ್ಮು ಹಿಡೀಲಿ.”